ನಾಲ್ಕು ಗಂಟೆಯ ಪ್ಲ್ಯಾಂಕ್

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಆಫೀಸಿನವರು ಕೊಟ್ಟ, ಹೆಜ್ಜೆ ಎಣಿಸುವ ಬ್ಯಾಂಡು, ಕಣ್ಣೆದುರೇ ಇದ್ದರೂ, ನೀಲಿಯೋ ಕಪ್ಪೋ ಎಂಬಲ್ಲಿಂದಲೇ ನನ್ನ ಅನುಮಾನ ಶುರುವಾಗುತ್ತದೆ. ನೀಲಿ ಎಂದು ಡೈರಿಯಲ್ಲಿದೆ. ಆದರೆ ಡೈರಿ ಬರೆದವಳೂ ನಾನೇ ಆದ್ದರಿಂದ ಅದನ್ನು ಸಾಕ್ಷಿ ಎಂದು ಒಪ್ಪಲು ಮನಸ್ಸಿಲ್ಲ. ಅದೇ ಡೈರಿಯಲ್ಲಿ ‘ಬೆಳಿಗ್ಗೆ ಐದೂವರೆಗೆ ಎದ್ದೆ’ ಎಂದು ಬರೆದಿರುವ ದಿನಗಳನ್ನು ನೋಡಿದರೆ ನೀವೂ ಒಪ್ಪುವುದಿಲ್ಲ. ಖಚಿತವಾಗಿ ಹೇಳಬಲ್ಲದ್ದು ಎರಡೇ. ಒಂದು, ವ್ಯಾಯಾಮದ ವಿಷಯದಲ್ಲಿ ನಾನು ಮೋಸ ಮಾಡಿದೆ. ಎರಡು, ಆ ಮೋಸದಿಂದಾಗಿ ನನ್ನ ಚಿಕ್ಕಮ್ಮನ ಎದೆಬಡಿತದ ಬಗ್ಗೆ, ಅವಳು ಯಾರಿಗೂ ಹೇಳದ ಒಂದು ವಿಷಯ ನನಗೆ ಗೊತ್ತಾಗಿಬಿಟ್ಟಿತು. ಗೊತ್ತಾದ ಮೇಲೆ ಏನು ಮಾಡಬೇಕೆಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ, ಹೆಸರು ರತ್ನ. ವಯಸ್ಸು ಶಾಲೆಯ ದಾಖಲೆಯ ಪ್ರಕಾರ ನಲವತ್ತೆಂಟು, ಅಮ್ಮನ ಪ್ರಕಾರ ಐವತ್ತೊಂದು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳು ಬೊಮ್ಮನಹಳ್ಳಿಯ ಒಂದು ಗಲ್ಲಿಯಲ್ಲಿ, ಎರಡನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ನನಗೆ ಕೆಲಸ ಸಿಕ್ಕಾಗ ‘ಬೇರೆ ಮನೆ ಸಿಗುವ ತನಕ ಎರಡು ತಿಂಗಳು’ ಎಂದು ಬಂದೆ. ಒಂಬತ್ತು ವರ್ಷವಾಯಿತು, ಬೇರೆ ಮನೆ ಇನ್ನೂ ಹುಡುಕುತ್ತಿದ್ದೇನೆ. ಬೆಳಿಗ್ಗೆ ಎಂಟು ಗಂಟೆಗೆ ಅವಳು ಗಲ್ಲಿಯ ತುದಿಯಲ್ಲಿ ಎಡಕ್ಕೆ ತಿರುಗಿ ಗಾರ್ಮೆಂಟ್ಸ್ ಕಾರ್ಖಾನೆಗೆ ನಡೆದುಹೋಗುತ್ತಾಳೆ. ನಾನು ಬಲಕ್ಕೆ ತಿರುಗಿ ಆಫೀಸ್ ಬಸ್ಸು ಹತ್ತುತ್ತೇನೆ. ಬಸ್ಸು ಮೇಲ್ಸೇತುವೆ ಏರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿಸುತ್ತದೆ. ಗೇಟಿನಿಂದ ನಮ್ಮ ಕಟ್ಟಡಕ್ಕೆ ಬ್ಯಾಟರಿ ಗಾಡಿ ಇದೆ. ಗಾಡಿ ಇಳಿದರೆ ಲಿಫ್ಟು, ಲಿಫ್ಟು ಇಳಿದರೆ ಕುರ್ಚಿ. ಕುರ್ಚಿಗೂ ಗಾಲಿ. ನನ್ನ ಕಾಲು ನೆಲಕ್ಕೆ ತಾಗದಂತೆ ಇಷ್ಟೆಲ್ಲ ವ್ಯವಸ್ಥೆ ಮಾಡಿದ ಅದೇ ಆಫೀಸು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ನೀವು ನಡೆಯುತ್ತಿಲ್ಲ ಎಂದು ಮೇಲ್ ಕಳಿಸುತ್ತದೆ.

ನಾನು ಪ್ರಯತ್ನವನ್ನೇ ಮಾಡಿಲ್ಲ ಎಂದು ತಿಳಿಯಬೇಡಿ. ಜಿಮ್ಮಿಗೆ ಸೇರಿದ್ದೆ. ಹನ್ನೊಂದು ದಿನ ಹೋದೆ ಎಂದು ನನ್ನ ನೆನಪು, ಆರು ದಿನ ಎಂದು ಜಿಮ್ಮಿನ ರಿಜಿಸ್ಟರು. ಅಲ್ಲಿನ ಟ್ರೈನರ್ ಒಳ್ಳೆಯ ಮನುಷ್ಯ. ಹತ್ತು ಸಲ ಎತ್ತಿ ಎನ್ನುವವನು, ಹತ್ತಾದ ಮೇಲೆ ‘ಅಕ್ಕಾ, ಇನ್ನೊಂದೇ ಒಂದು’ ಎನ್ನುತ್ತಿದ್ದ. ಅವನ ಎಣಿಕೆಯಲ್ಲಿ ಹತ್ತರ ಮುಂದಿನ ಅಂಕಿಗಳೆಲ್ಲಕ್ಕೂ ‘ಇನ್ನೊಂದೇ ಒಂದು’ ಎಂದೇ ಹೆಸರು. ಟ್ರೆಡ್‌ಮಿಲ್ ಹತ್ತಿದರೆ ಎದುರಿನ ಗಾಜಿನಾಚೆ ಹೊಸೂರು ರಸ್ತೆ ಕಾಣುತ್ತಿತ್ತು. ನಾನು ನಡೆಯುತ್ತಿದ್ದೆ, ಮುಂದೆ ಹೋಗುತ್ತಿರಲಿಲ್ಲ. ಗಾಜಿನಾಚೆಯ ಗಾಡಿಗಳದ್ದೂ ಅದೇ ಪಾಡು. ಪರಸ್ಪರ ನೋಡಿಕೊಂಡು ಸಮಾಧಾನಪಟ್ಟುಕೊಳ್ಳುತ್ತಿದ್ದೆವು.

ಆಮೇಲೆ ಯೋಗ. ನೇರಳೆ ಬಣ್ಣದ ಒಂದು ಮ್ಯಾಟು ತರಿಸಿದೆ. ಬಿಚ್ಚಿ ಹಾಸಿದ ಮೊದಲ ಭಾನುವಾರವೇ ಅದರ ಮೇಲೆ ಹದಿನೈದು ನಿಮಿಷ ಶವಾಸನ ಮಾಡಿದೆ. ಹದಿನೈದಲ್ಲ, ಒಂದೂವರೆ ಗಂಟೆ ಎಂದು ಚಿಕ್ಕಮ್ಮನ ವಾದ. ಮುಂದಿನ ಭಾನುವಾರ ಹುಡುಕಿದರೆ ಮ್ಯಾಟು ಇಲ್ಲ. ಟೆರೇಸಿನಲ್ಲಿ ಅದರ ತುಂಬ ಅಕ್ಕಿ ಸಂಡಿಗೆ ಒಣಗುತ್ತಿತ್ತು.

“ಸೀರೆ ಮೇಲ್ ಇಟ್ರೆ ಅಂಟ್ಕೊತದೆ. ಇದ್ರ ಮೇಲೆ ಎಂಗ್ ಎದ್ ಬತ್ತದೆ ನೋಡು. ಇನ್ನೊಂದ್ ತಗೊಂಡ್ ಬಾರೇ ಸುಮಿ, ಮೆಣಸಿನಕಾಯಿಗೆ ಬೇಕು” ಎಂದಳು.

ಈಗ ನಮ್ಮ ಮನೆಯಲ್ಲಿ ಎರಡು ಯೋಗ ಮ್ಯಾಟುಗಳಿವೆ. ಎರಡೂ ಒಳ್ಳೆಯ ಉಪಯೋಗದಲ್ಲಿವೆ.

ಸುಮ್ಮನೆ ನಡೆಯುವುದು ಎಂಬ ಕಲ್ಪನೆಯೇ ನಮ್ಮ ಮನೆತನಕ್ಕೆ ಹೊಸದು. ನಮ್ಮದು ಕಾಡುಗೋಡಿ. ಈಗ ಮೆಟ್ರೋ ಬಂದು ನಿಲ್ಲುವ ಕಡೆ ನನ್ನ ಬಾಲ್ಯದಲ್ಲಿ ಹುಣಸೆಮರಗಳಿದ್ದವು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹುಣಸೆಯಲ್ಲ, ಹೊಂಗೆ ಎಂದು ಅಮ್ಮ ತಿದ್ದುತ್ತಾಳೆ. ಊರ ಪಕ್ಕ ಮೊದಲ ಲೇಔಟ್ ಆದಾಗ ಒಬ್ಬ ಗಂಡ ಹೆಂಡತಿ ದಿನಾ ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ನಮ್ಮ ಮನೆಯ ಮುಂದೆ ಬಿರುಸಾಗಿ ನಡೆದುಹೋಗುತ್ತಿದ್ದರು. ರೈಲ್ವೆ ಗೇಟಿನವರೆಗೆ ಹೋಗಿ, ಗೇಟನ್ನು ಮುಟ್ಟಿ, ಅಷ್ಟೇ ಬಿರುಸಾಗಿ ವಾಪಸ್ಸು ಬರುತ್ತಿದ್ದರು. ಜಗಲಿಯಲ್ಲಿ ಕೂತ ಅಜ್ಜಿಗೆ ಅವರನ್ನು ನೋಡಿ ಕರುಳು ಚುರುಕ್ ಎನ್ನುತ್ತಿತ್ತು.

“ಪಾಪ, ಇವತ್ತೂ ಏನೋ ಮರ್ತ್ ಬಂದವ್ರೆ ಕಣೇ. ವಾಪಸ್ ಓಯ್ತಾ ಅವ್ರೆ” ಎನ್ನುತ್ತಿದ್ದಳು.

ಒಂದು ತಿಂಗಳು ತಡೆದುಕೊಂಡು, ಕೊನೆಗೊಂದು ದಿನ ಅವರನ್ನು ನಿಲ್ಲಿಸಿಯೇ ಬಿಟ್ಟಳು. “ಸಿಕ್ತೇನಪ್ಪಾ?” ಎಂದು ಕೇಳಿದಳು. ಮರುದಿನದಿಂದ ಅವರು ಬೇರೆ ದಾರಿ ಹಿಡಿದರು.

ನನ್ನ ಆಫೀಸಿಗೆ ಬರುತ್ತೇನೆ. ಈ ಚಳಿಗಾಲದಲ್ಲಿ ಹೆಜ್ಜೆಗಳ ಸ್ಪರ್ಧೆ ಇಟ್ಟರು. ಆರು ಜನರ ತಂಡಗಳು, ಪ್ರತಿಯೊಬ್ಬರಿಗೂ ಕೈಗೆ ಕಟ್ಟುವ ಬ್ಯಾಂಡು. ಅದು ಹೆಜ್ಜೆಯನ್ನೂ ಎದೆಬಡಿತವನ್ನೂ ಅಳೆದು ಫೋನಿಗೆ ಕಳಿಸುತ್ತದೆ. ಎಲ್ಲರ ಲೆಕ್ಕವೂ ಊಟದ ಹಾಲಿನ ದೊಡ್ಡ ಪರದೆಯ ಮೇಲೆ ಬರುತ್ತದೆ. ಒಂದು ಗಂಟೆ ಅಲ್ಲಾಡದೆ ಕೂತರೆ ಬ್ಯಾಂಡು ಗುರ್ರೆಂದು ನಡುಗಿ ‘ಏಳು’ ಎನ್ನುತ್ತದೆ. ಎದ್ದರೆ ಟೀಮ್ ಲೀಡ್ ಪ್ರಶಾಂತ ‘ಎಲ್ಲಿಗೆ?’ ಎನ್ನುತ್ತಾನೆ. ಇವರಿಬ್ಬರ ನಡುವೆ ಮೊದಲ ವಾರ ಕಳೆಯಿತು. ದಿನಕ್ಕೆ ಎರಡು ಸಾವಿರ ಹೆಜ್ಜೆ ದಾಟಲಿಲ್ಲ. ಪರದೆಯ ಮೇಲೆ ನಮ್ಮ ತಂಡದ ಐದು ಹೆಸರು ಹಸಿರು, ನನ್ನದೊಂದು ಕೆಂಪು.

“ಏನ್ ಗುರು, ಬಾತ್ರೂಮ್‌ಗಾದ್ರೂ ಓಡಾಡ್ತೀಯೋ ಇಲ್ವೋ?” ಎಂದು ಪ್ರಶಾಂತ ಎಲ್ಲರ ಮುಂದೆ ಕೇಳಿದ.

“ನೀನ್ ಬಿಟ್ರೆ ತಾನೇ?” ಎಂದೆ.

“ನಂದ್ ನೋಡು, ಹನ್ನೊಂದ್ ಸಾವಿರ.”

ಅವನ ಹನ್ನೊಂದು ಸಾವಿರದ ಗುಟ್ಟು ಆಮೇಲೆ ತಿಳಿಯಿತು. ಅವನು ಬ್ಯಾಂಡನ್ನು ಮಗುವಿನ ತೊಟ್ಟಿಲಿಗೆ ಕಟ್ಟುತ್ತಿದ್ದ. ಟೆಸ್ಟಿಂಗ್‌ನ ಮಂಜುಳಾ ನಾಯಿಯ ಕೊರಳಿಗೆ ಕಟ್ಟಿದ್ದಳು. ಇನ್ನೊಬ್ಬ ಸೀಲಿಂಗ್ ಫ್ಯಾನಿಗೆ ಕಟ್ಟಿ, ಸ್ಪೀಡು ಐದಕ್ಕಿಟ್ಟಾಗ, ಹಾರಿಹೋದ ಬ್ಯಾಂಡು ಎದುರು ಮನೆಯ ಬಾಲ್ಕನಿಯಲ್ಲಿ ಸಿಕ್ಕಿತಂತೆ. ಇದೆಲ್ಲ ಗೊತ್ತಿದ್ದೂ ನಾನು ನನ್ನದನ್ನು ಮೋಸವೆಂದು ಕರೆದುಕೊಳ್ಳುವುದೇಕೆಂದರೆ, ತೊಟ್ಟಿಲಿಗಾಗಲೀ ಫ್ಯಾನಿಗಾಗಲೀ ಅವರು ಸುಳ್ಳು ಹೇಳಿರಲಿಲ್ಲ. ನಾನು ಹೇಳಿದೆ.

“ಚಿಕ್ಕಮ್ಮಾ, ಇದು ನಿಂಗೆ. ಆರೋಗ್ಯಕ್ಕೆ ಒಳ್ಳೇದು” ಎಂದು ಒಂದು ಬೆಳಿಗ್ಗೆ ಅವಳ ಕೈಗೆ ಕಟ್ಟಿದೆ.

“ಟೈಮ್ ತೋರುಸ್ತದಾ?”

“ತೋರ್ಸುತ್ತೆ.”

“ಅಂಗಾದ್ರೆ ಫ್ಯಾಕ್ಟ್ರಿ ಗೇಟಲ್ಲಿ ಬಿಚ್ಚು ಅನ್ನಲ್ಲ ಬಿಡು. ಫೋನ್ ಮಾತ್ರ ಇಸ್ಕೊಂಡ್ ಮಡೀಕೊತಾರೆ” ಎಂದು ಕೈ ತಿರುಗಿಸಿ ನೋಡಿಕೊಂಡಳು. “ಎಷ್ಟ್ ಚೆಂದ ಐತೆ ಕಣೇ” ಎಂದಳು.

ಅವಳ ಕೆಲಸದ ಬಗ್ಗೆ ಇಲ್ಲಿ ಹೇಳಬೇಕು. ಅವಳು ಹೊಲಿಯುವುದಿಲ್ಲ. ಅವಳು ಪ್ರೊಡಕ್ಷನ್ ರೈಟರ್. ಫ್ಲೋರಿನಲ್ಲಿ ಎಂಟು ಲೈನುಗಳಿವೆ, ಒಂದೊಂದರಲ್ಲೂ ಸಾಲಾಗಿ ಹೊಲಿಗೆ ಮೆಷಿನ್ನುಗಳು. ಗಂಟೆಗೊಮ್ಮೆ ಇವಳು ಎಲ್ಲ ಲೈನುಗಳಿಗೂ ಹೋಗಿ, ಎಷ್ಟು ಪೀಸ್ ಆಯಿತೆಂದು ಎಣಿಸಿ, ಗೋಡೆಯ ಬೋರ್ಡಿನ ಮೇಲೆ ಬರೆಯಬೇಕು. ಒಂದು ಕಡೆ ಆಗಬೇಕಾದದ್ದು, ಪಕ್ಕದಲ್ಲಿ ಆದದ್ದು. ನಡುವೆ ಯಾವುದೋ ಲೈನಿಗೆ ಕಾಲರ್ ಬಂದಿಲ್ಲ, ಇನ್ನೊಂದಕ್ಕೆ ದಾರ ಬಂದಿಲ್ಲ ಎಂದರೆ ಅದಕ್ಕೂ ಇವಳೇ ಓಡಬೇಕು. ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇವಳ ಕೆಲಸ ‘ಏನೋ ಬರೆಯುವುದು’ ಎಂದಷ್ಟೇ ಗೊತ್ತಿತ್ತು. ಬರೆಯುವುದು ಎಂದ ಮೇಲೆ ಕುರ್ಚಿ ಇರುತ್ತದೆ ಎಂದುಕೊಂಡಿದ್ದೆ.

ಅಂದು ಸಂಜೆ ಬಾಗಿಲಲ್ಲೇ ಬ್ಯಾಂಡು ಬಿಚ್ಚಿಕೊಂಡು ಫೋನಿಗೆ ಹತ್ತಿರ ಹಿಡಿದೆ. ಇಪ್ಪತ್ತೊಂದು ಸಾವಿರ ಹೆಜ್ಜೆ. ಕೆಟ್ಟಿದೆ ಎಂದುಕೊಂಡೆ. ಮರುದಿನ ಇಪ್ಪತ್ತೆರಡು. ಫೋನಿನ ಪರದೆಯ ಮೇಲೆ ಬಣ್ಣಬಣ್ಣದ ಕಾಗದದ ಚೂರುಗಳು ಉದುರಿ, ಒಂದು ಬಂಗಾರದ ಟ್ರೋಫಿ ಕುಣಿದು, ‘ಶಹಬ್ಬಾಸ್ ಸುಮಾ! ಇವತ್ತು ನೀವು ಎಲ್ಲರಿಗೂ ಸ್ಫೂರ್ತಿ!’ ಎಂದಿತು. ಸುಮಾ ಆ ಹೊತ್ತಿಗೆ ಮಂಚದ ಮೇಲೆ ಒರಗಿ ಕೋಡುಬಳೆ ತಿನ್ನುತ್ತಿದ್ದಳು. ಸ್ಫೂರ್ತಿ ಅಡುಗೆಮನೆಯಲ್ಲಿ ನಿಂತು ಮುದ್ದೆ ತಿರುವುತ್ತಿತ್ತು.

ಎರಡು ವಾರದಲ್ಲಿ ನಾನು ಇಡೀ ಕಟ್ಟಡಕ್ಕೆ ಮೊದಲಿಗಳಾದೆ. ಬ್ಯಾಂಡಿಲ್ಲದ ಕೈಯನ್ನು ಯಾರೂ ನೋಡದಿರಲೆಂದು ತುಂಬು ತೋಳಿನ ಕುರ್ತಾಗಳನ್ನೇ ಹಾಕುತ್ತಿದ್ದೆ. ಅಭಿನಂದನೆಗಳನ್ನು ತಗ್ಗಿದ ಕಣ್ಣುಗಳಿಂದ ಸ್ವೀಕರಿಸುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು. ಆಶ್ಚರ್ಯವೆಂದರೆ ನಾನೂ ಅದನ್ನೇ ನಂಬತೊಡಗಿದೆ. ಒಂದು ದಿನ ಮೆಟ್ಟಿಲ ಬಳಿ ನಿಂತಾಗ ಕಾಲು ನೋಯುತ್ತಿದೆ ಎನ್ನಿಸಿತು. ಇಪ್ಪತ್ತೆರಡು ಸಾವಿರ ನಡೆದವಳಿಗೆ ನೋಯದೆ ಇರುತ್ತದೆಯೇ ಎಂದು ನನಗೆ ನಾನೇ ಮರುಕಪಟ್ಟು ಲಿಫ್ಟು ಹತ್ತಿದೆ.

ಮೋಸಕ್ಕೆ ಬಹುಮಾನವಾಗಿ ಭಾಷಣ ಮಾಡಲು ಕರೆದರು. ‘ಬಿಡುವಿಲ್ಲದ ಬದುಕಿನಲ್ಲಿ ವ್ಯಾಯಾಮಕ್ಕೆ ಬಿಡುವು’ ಎಂಬುದು ವಿಷಯ. ನಾನು ರಾತ್ರಿ ಊಟಕ್ಕೆ ಕೂತಾಗ ಚಿಕ್ಕಮ್ಮನನ್ನು ಮಾತಿಗೆಳೆದು ಅವಳ ದಿನಚರಿಯನ್ನೆಲ್ಲ ಕೇಳಿಕೊಂಡು, ಅದನ್ನೇ ಉಪದೇಶವಾಗಿ ಬದಲಾಯಿಸಿದೆ. ‘ಗಂಟೆಗೊಮ್ಮೆ ಎದ್ದು ಇಡೀ ಫ್ಲೋರ್ ಸುತ್ತಿ ಬನ್ನಿ. ಕುರ್ಚಿಯನ್ನು ಆದಷ್ಟು ದೂರವಿಡಿ. ಊಟಕ್ಕೆ ಅರ್ಧ ಗಂಟೆ ಸಾಕು, ಅದರಲ್ಲೂ ಹತ್ತು ನಿಮಿಷ ಸಾಲಿನಲ್ಲಿ ನಿಲ್ಲಿ. ನೀರು ಕುಡಿಯಲು ಇನ್ನೊಂದು ಮಹಡಿಗೆ ಹೋಗಿ.’ ಜನ ಬರೆದುಕೊಂಡರು. ಚಿಕ್ಕಮ್ಮನ ಸೂಪರ್‌ವೈಸರ್ ಕೇಳಿದ್ದರೆ, ಇಷ್ಟು ದಿನ ತಾನು ನೂರಾರು ಜನರ ಆರೋಗ್ಯ ಕಾಪಾಡಿದೆನೆಂದು ಹಿಗ್ಗುತ್ತಿದ್ದನೋ ಏನೋ.

“ಅದುಕ್ಕೇ ನೀನು ಸೀಟಲ್ಲಿ ಸಿಗಲ್ಲ!” ಎಂದು ಪ್ರಶಾಂತ ಹಿಂದಿನಿಂದ ಕೂಗಿದ. ನಾನು ಸೀಟಿನಲ್ಲಿ ಸಿಗದಿದ್ದಾಗ ಪ್ಯಾಂಟ್ರಿಯಲ್ಲಿ ಬಿಸ್ಕತ್ತಿನ ಡಬ್ಬಿಯ ಬಳಿ ಇರುತ್ತೇನೆಂದು ತಿಳಿದಿದ್ದ ಮಂಜುಳಾ ಮಾತ್ರ ಸುಮ್ಮನಿದ್ದಳು. ನಾಯಿಯ ಕೊರಳು ಅವಳ ನೆನಪಿನಲ್ಲಿದ್ದಿರಬೇಕು.

ಆಗ ಸ್ಪರ್ಧೆ ನಡೆಸುತ್ತಿದ್ದ ಕೋಚ್ ಶ್ರೇಯಾ ನನ್ನ ಫೋನಿನ ಗ್ರಾಫನ್ನು ದೊಡ್ಡ ಪರದೆಗೆ ಹಾಕಿಸಿದರು. ಮೇಲೆ ಎದೆಬಡಿತದ ಗೆರೆ, ಕೆಳಗೆ ಹೆಜ್ಜೆಗಳ ಕಂಬಗಳು. ನಾನೂ ಅದನ್ನು ಸರಿಯಾಗಿ ನೋಡಿದ್ದು ಅವತ್ತೇ. ಅಲ್ಲಿಯವರೆಗೆ ಒಟ್ಟು ಹೆಜ್ಜೆ ಮಾತ್ರ ನೋಡಿ ಫೋನು ಮುಚ್ಚಿಡುತ್ತಿದ್ದೆ.

“ಎಲ್ರೂ ಇಲ್ಲಿ ನೋಡಿ. ನಾಲ್ಕು ಗಂಟೆಗೆ. ಹೆಜ್ಜೆ ಸೊನ್ನೆ, ಆದ್ರೆ ಹಾರ್ಟ್ ರೇಟ್ ನೂರ ಮೂವತ್ತು! ಹತ್ತು ನಿಮಿಷ! ಇದು ನಿನ್ನೇದು, ಮೊನ್ನೇನೂ ಹೀಗೇ. ಸುಮಾ, ನಿಂತಲ್ಲೇ ಏನ್ ಮಾಡ್ತೀರಾ ನೀವು?” ಎಂದು ಕೇಳಿದರು.

ಎಲ್ಲರೂ ನನ್ನತ್ತ ತಿರುಗಿದರು. ನಾನು ಗೆರೆಯನ್ನೇ ನೋಡುತ್ತಿದ್ದೆ. ಅದು ದಿನವಿಡೀ ತಗ್ಗು ದಿನ್ನೆಯಾಗಿ ಹೋಗಿ, ನಾಲ್ಕು ಗಂಟೆಗೆ ಥಟ್ಟನೆ ಗೋಡೆಯ ಹಾಗೆ ಎದ್ದಿತ್ತು. ಅದರ ಕೆಳಗೆ ಒಂದು ಹೆಜ್ಜೆಯೂ ಇರಲಿಲ್ಲ. ಕಾಲು ನಿಂತಿದೆ, ಎದೆ ಓಡುತ್ತಿದೆ. ಏನು ಹೇಳುವುದು? ಬಾಯಿಗೆ ಬಂದದ್ದನ್ನು ಹೇಳಿದೆ.

“ಪ್ಲ್ಯಾಂಕ್.”

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಪ್ಲ್ಯಾಂಕ್ ಎಂದರೆ ಮೊಣಕೈ ಮತ್ತು ಕಾಲ್ಬೆರಳುಗಳನ್ನು ಮಾತ್ರ ನೆಲಕ್ಕೂರಿ, ಉಳಿದ ಮೈಯನ್ನು ಹಲಗೆಯಂತೆ ಗಾಳಿಯಲ್ಲಿ ಹಿಡಿದಿರುವ ಶಿಕ್ಷೆ.

“ನಾಲ್ಕು ಗಂಟೆಗೆ ಸಣ್ಣ ಮೀಟಿಂಗ್ ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು ಮಾಡುತ್ತೇನೆ” ಎಂದು ಇನ್ನಷ್ಟು ಸೇರಿಸಿದೆ. ಸುಳ್ಳಿಗೆ ಪೀಠೋಪಕರಣವಿದ್ದರೆ ನಂಬಿಕೆ ಬರುತ್ತದೆ.

“ಹತ್ತು ನಿಮಿಷ ಪ್ಲ್ಯಾಂಕ್! ಅಮೇಜಿಂಗ್! ಪ್ಲ್ಯಾಂಕ್ ಅಲ್ದೆ ಸುಮ್ನೆ ನಿಂತಾಗ ಹೀಗ್ ಬಂದಿದ್ರೆ ನಾನೇ ಡಾಕ್ಟರ್ ಹತ್ರ ಕಳಿಸ್ತಿದ್ದೆ” ಎಂದು ಶ್ರೇಯಾ ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಎಂದು ಕಾಣುತ್ತದೆ. ಕೈಗಳು ಬಿಸಿಯಾಗಿದ್ದು ನೆನಪಿದೆ.

ಮುಂದಿನ ಸೋಮವಾರದಿಂದ ನಮ್ಮ ಫ್ಲೋರಿನಲ್ಲಿ ‘ನಾಲ್ಕು ಗಂಟೆಯ ಪ್ಲ್ಯಾಂಕ್’ ಶುರುವಾಯಿತು. ನಾಲ್ಕಕ್ಕೆ ಸರಿಯಾಗಿ ಒಂದು ಬೆಲ್ಲು ಹೊಡೆಯುತ್ತದೆ. ಎಪ್ಪತ್ತು ಎಂಬತ್ತು ಜನ ಕುರ್ಚಿ ಹಿಂದೆ ತಳ್ಳಿ, ಕಾರ್ಪೆಟ್ಟಿನ ಮೇಲೆ ಮೊಣಕೈ ಊರಿ ಸಾಲಾಗಿ ಅಡ್ಡಬೀಳುತ್ತಾರೆ. ದೂರದಿಂದ ನೋಡಿದರೆ ಯಾವುದೋ ಕೋಪಿಷ್ಠ ದೇವರಿಗೆ ಹರಕೆ ತೀರಿಸುವಂತೆ ಕಾಣುತ್ತದೆ. ಕೆಲವರ ಕೊರಳ ಐಡಿ ಕಾರ್ಡು ನೆಲಕ್ಕೆ ತಾಗಿರುತ್ತದೆ. ಒಬ್ಬ ಮ್ಯಾನೇಜರು ಪ್ಲ್ಯಾಂಕಿನಲ್ಲಿದ್ದುಕೊಂಡೇ ಕಾಲ್‌ನಲ್ಲಿ ಮಾತಾಡಿದಾಗ, ಏದುಸಿರು ಕೇಳಿದ ಆಚೆಯ ಗಿರಾಕಿ ಗಾಬರಿಯಿಂದ ಗಡುವು ಮುಂದೂಡಿದನಂತೆ. ಅದರ ನಂತರ ಪ್ಲ್ಯಾಂಕಿನ ಮೇಲೆ ಭಕ್ತಿ ಇನ್ನೂ ಹೆಚ್ಚಿತು. ಗುರುವಾದ ನಾನು ಮೊದಲ ದಿನ ಹದಿನೆಂಟು ಸೆಕೆಂಡಿಗೆ ಮುಖ ಅಡಿಯಾಗಿ ಬಿದ್ದೆ.

“ಇವತ್ತು ನಂಗೆ ರೆಸ್ಟ್ ಡೇ” ಎಂದೆ, ಕಾರ್ಪೆಟ್ಟಿನೊಳಗಿಂದ.

ಹಾಗೆ ಬಿದ್ದಲ್ಲಿಂದ ಗೋಡೆಯ ಗಡಿಯಾರ ಕಾಣುತ್ತಿತ್ತು. ನಾಲ್ಕು ಗಂಟೆ ಮೂರು ನಿಮಿಷ. ಈಗ, ಇದೇ ಹೊತ್ತಿಗೆ, ಬೊಮ್ಮನಹಳ್ಳಿಯಲ್ಲಿ ಅವಳಿಗೆ ಏನೋ ಆಗುತ್ತಿದೆ ಎಂಬುದು ಆಗ ಮೊದಲ ಬಾರಿಗೆ ನನಗೆ ತಾಗಿತು. ಭಾಷಣದ ದಿನವೇ ತಾಗಬೇಕಿತ್ತು. ತಾಗಿತ್ತು ಎಂದು ಡೈರಿಯಲ್ಲಿ ಬರೆದಿದ್ದೇನೆ. ನಂಬಬೇಡಿ.

ಅಂದು ಸಂಜೆಯಿಂದ ಹೆಜ್ಜೆ ನೋಡುವುದನ್ನು ಬಿಟ್ಟು ಗೆರೆ ನೋಡತೊಡಗಿದೆ. ಭಾನುವಾರ ನಾಲ್ಕು ಗಂಟೆಗೆ ಏನೂ ಇಲ್ಲ, ಗೆರೆ ಕೆರೆಯ ನೀರಿನಂತೆ ಮಲಗಿದೆ. ಸೋಮವಾರ ಗೋಡೆ. ಮಂಗಳವಾರ ಗೋಡೆ. ಒಂದು ಗುರುವಾರ ಮಾತ್ರ ಗೋಡೆಯಿಲ್ಲ. ಅಂದು ಚಿಕ್ಕಮ್ಮ ತಾನಾಗಿಯೇ ಖುಷಿಯಲ್ಲಿ ಹೇಳಿದಳು.

“ಇವತ್ತು ಫಾರಿನ್‌ನಿಂದ ಬಟ್ಟೆ ಕೊಳ್ಳೋ ಬೈಯರ್ ಬಂದಿದ್ರು ಕಣೇ. ನೆಲ ಎಲ್ಲಾ ತೊಳ್ಸಿ ಫಳಫಳ. ಎಲ್ರಿಗೂ ಒಸಾ ಮಾಸ್ಕು. ನಗ್ತಾ ಇರ್ಬೇಕು ಅಂತ ಮೈಕ್‌ನಲ್ಲಿ ಏಳಿದ್ರು. ಮಾಸ್ಕ್ ಆಕ್ಕೊಂಡ್ ಎಂಗ್ ನಗದು ಅಂತ ನಂಗೆ ನಗು.”

“ನಾಲ್ಕು ಗಂಟೆಗೆ ಎಲ್ಲಿದ್ದೆ?”

“ಬೋರ್ಡ್ ತಾವ. ದಿನಾ ನಾಕಕ್ಕೆ ಮ್ಯಾನೇಜ್ರು ಬೋರ್ಡ್ ನೋಡಕ್ ಬತ್ತಾರೆ, ನಾನ್ ನಿಂತಿರ್ಬೇಕು. ಇವತ್ತು ಬೈಯರ್ ಜೊತೆ ಬಂದ್ರು. ಗುಡ್ ಅಂದ್ರು, ಓದ್ರು.”

“ಬೇರೆ ದಿನ ಏನಂತಾರೆ?”

“ಏನಂತಾರೆ? ಸಾರಿಗೆ ಉಪ್ಪು ಕಮ್ಮಿ ಆಯ್ತಾ ನೋಡು.”

ಸಾರಿಗೆ ಉಪ್ಪು ಸರಿಯಾಗಿತ್ತು.

ನನಗೆ ಎರಡು ಭಯಗಳು. ಅವಳ ಎದೆಯಲ್ಲೇ ಏನಾದರೂ ತೊಂದರೆಯಿದ್ದರೆ ಆಸ್ಪತ್ರೆಯಿದೆ. ಎದೆ ಚೆನ್ನಾಗಿಯೇ ಇದ್ದು, ದಿನಾ ಹತ್ತು ನಿಮಿಷ ಅದು ಹೆದರುತ್ತಿದ್ದರೆ ಯಾವ ಆಸ್ಪತ್ರೆಗೆ ಹೋಗಬೇಕು? ಸುಲಭದ ಭಯವನ್ನು ಮೊದಲು ತೀರಿಸೋಣವೆಂದು ಒಂದು ಶನಿವಾರ ಸಂಜೆ ಅವಳನ್ನು ನಮ್ಮ ರಸ್ತೆಯ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ‘ಸುಮ್ನೆ ಒಂದು ಚೆಕಪ್ಪು’ ಎಂದಿದ್ದೆ. ಡಾಕ್ಟರು ಇಸಿಜಿ ತೆಗೆದು, ನಾಡಿ ಹಿಡಿದು, ಎಲ್ಲ ಸರಿಯಾಗಿದೆ ಎಂದರು.

“ಟೆನ್ಷನ್ ಮಾಡ್ಕೋಬೇಡಿ ಅಮ್ಮಾ. ಈ ವಯಸ್ಸಲ್ಲಿ ಮೈಗೆ ಸ್ವಲ್ಪ ವ್ಯಾಯಾಮ ಬೇಕು. ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ. ಎದೆ ತೊಂದ್ರೆ ಎಲ್ಲಾ ಕೂತೂ ಕೂತೂ ಬರೋದು.”

ಚಿಕ್ಕಮ್ಮ ಭಕ್ತಿಯಿಂದ “ಆಗ್ಲಿ ಸಾರ್” ಎಂದಳು. ನನಗೆ ಎದ್ದು ನಿಂತು ಇಪ್ಪತ್ತೆರಡು ಸಾವಿರ ಎಂದು ಕೂಗಬೇಕೆನಿಸಿತು. ಕೂಗಿದರೆ ಆ ಇಪ್ಪತ್ತೆರಡು ಸಾವಿರ ಆಫೀಸಿನಲ್ಲಿ ಯಾರ ಹೆಸರಿನಲ್ಲಿದೆ ಎಂದೂ ಹೇಳಬೇಕಾಗುತ್ತಿತ್ತು. ಸುಮ್ಮನೆ ಚಪ್ಪಲಿ ಹುಡುಕಿದೆ.

ಮರುದಿನ ಭಾನುವಾರ. ಅವಳು ನೆಲದ ಮೇಲೆ ಕೂತು, ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದಳು. ನಾನೂ ಎದುರಿಗೆ ಕೂತೆ. ಎದುರಿಗೆ ಕೂತು ಒಂದೇ ಕೆಲಸ ಮಾಡುವಾಗ ನಿಜ ಹೇಳುವುದು ಸ್ವಲ್ಪ ಸುಲಭ. ಕಣ್ಣು ಕಾಳಿನ ಮೇಲಿರುತ್ತದೆ.

“ಚಿಕ್ಕಮ್ಮಾ, ಆ ಬ್ಯಾಂಡು ನಿಂಗೋಸ್ಕರ ಕೊಟ್ಟಿದ್ದಲ್ಲ.”

“ಗೊತ್ತು.”

“ಗೊತ್ತಾ?”

“ಒಂದ್ ತಿಂಗಳಿಂದ ಸಾಯಂಕಾಲ ಬಾಗ್ಲಲ್ಲೇ ನನ್ ಕೈ ಇಡ್ಕೊತೀಯ. ಮೊದ್ಲು ವಾಚು ನೋಡ್ತೀಯ, ಆಮೇಲೆ ಮುಖ ನೋಡ್ತೀಯ. ಒಂದೊಂದ್ ದಿನ ಅದೂ ನೋಡಲ್ಲ. ಗೊತ್ತಾಗಲ್ವಾ?”

ಕಾಳು ನನ್ನ ಬೆರಳಿನಿಂದ ಜಾರಿ ಮಂಚದ ಕೆಳಗೆ ಹೋಯಿತು. ಸ್ಪರ್ಧೆ, ಪರದೆ, ಭಾಷಣ, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಳು ಹಿದುಕುತ್ತಲೇ ಕೇಳಿಸಿಕೊಂಡಳು. ನಾಲ್ಕು ಗಂಟೆಯ ಪ್ಲ್ಯಾಂಕಿನ ಕಥೆಗೆ ಬಂದಾಗ ಮಾತ್ರ ಕೈ ನಿಲ್ಲಿಸಿದಳು.

“ಎಲ್ರೂ ನೆಲಕ್ ಬೀಳ್ತಾರಾ? ಕಂಪ್ಯೂಟರ್‌ನವ್ರು?”

“ಎಲ್ರೂ.”

“ಎಂಗಸ್ರೂ?”

“ಹೂಂ.”

“ಯಾರೂ ಬೈದಿಲ್ದೇನೇ?”

ನಕ್ಕಳು ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳು ಹಾಗೆ ನಕ್ಕದ್ದು ನೋಡಿ ವರ್ಷಗಳಾಗಿದ್ದವು. ನಾನೂ ನಕ್ಕೆ. ನಕ್ಕ ಮೇಲೆ ಅವಳ ಕೊನೆಯ ಮಾತು ಇನ್ನೊಮ್ಮೆ ಕಿವಿಗೆ ಬಿತ್ತು, ಯಾರೂ ಬೈದಿಲ್ದೇನೇ. ಅಷ್ಟರಲ್ಲಿ ಅವಳು ಎದ್ದು ಸಿಪ್ಪೆ ಬಳಿದುಕೊಂಡು ಅಡುಗೆಮನೆಗೆ ಹೋಗಿಬಿಟ್ಟಿದ್ದಳು.

ಸೋಮವಾರ ಬ್ಯಾಂಡು ಬೇಡ ಎಂದಳು. “ನಿನ್ ವಾಚು ನೀನೇ ಕಟ್ಕೊ. ಅದು ನನ್ ಒಳಗಿಂದೆಲ್ಲ ನಿಂಗೆ ಏಳ್ಕೊಡದು ನಂಗೆ ಸರಿ ಬರಲ್ಲ” ಎಂದಷ್ಟೇ ಹೇಳಿ ಎಂಟಕ್ಕೆ ಎಡಕ್ಕೆ ತಿರುಗಿದಳು. ಆಫೀಸಿನಲ್ಲಿ ನನ್ನ ಹೆಸರು ಮತ್ತೆ ಕೆಂಪಾಯಿತು. ಕಾಲು ಉಳುಕಿದೆ ಎಂದೆ. ಎಲ್ಲರೂ ಕನಿಕರಪಟ್ಟರು. ಪ್ರಶಾಂತ ನನ್ನ ಕುರ್ಚಿಯನ್ನು ಗಾಲಿಯ ಮೇಲೆ ಊಟದ ಹಾಲಿನವರೆಗೂ ತಳ್ಳಿಕೊಂಡು ಹೋದ. ನಿಜ ಹೇಳುವ ಧೈರ್ಯ ಮನೆಯಲ್ಲಿ ಖರ್ಚಾಗಿತ್ತು.

ಕಾರ್ಖಾನೆಯ ಗೇಟಿಗೆ ಹೋಗಿ ಕೇಳಬಹುದಿತ್ತು. ದೂರು ಕೊಡಬಹುದಿತ್ತು. ಯಾವುದರ ಮೇಲೆ ದೂರು? ನನ್ನ ಹತ್ತಿರ ಇರುವುದು ಒಂದು ಗೆರೆ, ಅದೂ ನನ್ನ ಹೆಸರಿನಲ್ಲಿರುವ ಗೆರೆ. ಅವಳು ಹೇಳದೆ ನಾನು ಹೋದರೆ, ಆ ಬೋರ್ಡಿನ ಮುಂದೆ ಮರುದಿನ ನಾಲ್ಕು ಗಂಟೆಗೆ ನಿಲ್ಲುವವಳು ಅವಳು, ನಾನಲ್ಲ. ಇದು ವಿವೇಕವೋ ಹೇಡಿತನವೋ ನನಗೆ ಈಗಲೂ ತಿಳಿಯದು. ಡೈರಿಯಲ್ಲಿ ವಿವೇಕ ಎಂದು ಬರೆದು, ಹೊಡೆದುಹಾಕಿದ್ದೇನೆ.

ಆದರೆ ಒಂದು ಆಯಿತು. ಡಾಕ್ಟರ ಮಾತನ್ನು ಚಿಕ್ಕಮ್ಮ ಮರೆಯಲಿಲ್ಲ. ಕಳೆದ ಭಾನುವಾರ ಬೆಳಿಗ್ಗೆ ಆರಕ್ಕೆ ನನ್ನ ಹೊದಿಕೆ ಎಳೆದಳು.

“ಏಳೇ. ವಾಕಿಂಗ್ ಓಗ್ಬೇಕಂತೆ.”

“ಯಾರು?”

“ಡಾಕ್ಟ್ರು ಏಳಿದ್ದು ಕೇಳ್ಲಿಲ್ವಾ? ನಾನು ಕೂತೂ ಕೂತೂ ಎದೆ ಕೆಡಿಸ್ಕೊಂಡಿವ್ನಿ ಅಂತೆ” ಎಂದಳು. ಮುಖದಲ್ಲಿ ನಗುವಿರಲಿಲ್ಲ. ಇತ್ತು ಎಂದೂ ಅನಿ‌ಸುತ್ತದೆ.

ಇಬ್ಬರೂ ಕೆರೆಯ ಹತ್ತಿರ ಹೋದೆವು. ನನ್ನ ಕಾಲಿಗೆ ಏನೇನೋ ಹೊಸ ತಂತ್ರಜ್ಞಾನವಿರುವ ಬೂಟು, ಅವಳ ಕಾಲಿಗೆ ಕಾರ್ಖಾನೆಗೆ ಹಾಕುವ ರಬ್ಬರ್ ಚಪ್ಪಲಿ. ಸುಮ್ಮನೆ ನಡೆಯುವುದು ಅವಳಿಗೆ ಬರಲಿಲ್ಲ. ಯಾವುದೋ ಲೈನಿಗೆ ಕಾಲರ್ ಮುಟ್ಟಿಸಬೇಕಾದವಳಂತೆ ನೇರ ಹೊರಟಳು. ಕೈ ಬೀಸಿಕೊಂಡು ಹೋಗುತ್ತಿದ್ದ ಯಜಮಾನರುಗಳನ್ನು ಒಬ್ಬೊಬ್ಬರಾಗಿ ಹಿಂದೆ ಹಾಕಿದಳು. ಅರ್ಧ ಸುತ್ತಿಗೇ ನನ್ನ ಪಕ್ಕೆ ಹಿಡಿಯಿತು. ಬ್ಯಾಂಡು ನನ್ನ ಕೈಯಲ್ಲಿತ್ತು, ಅದೂ ಗುರ್ರೆಂದಿತು. ನೂರ ಮೂವತ್ತು. ನಿಂತು ಸೊಂಟದ ಮೇಲೆ ಕೈಯಿಟ್ಟು ಉಸಿರೆಳೆದುಕೊಂಡೆ. ನೂರ ಮೂವತ್ತು ಎಂದರೆ ಹೀಗಿರುತ್ತದೆ. ಕಿವಿಯೊಳಗೆ ಢಬಢಬ, ಬಾಯಿ ಒಣಗಿ, ಎದುರಿನವರ ಮಾತು ದೂರದಿಂದ ಕೇಳಿದಂತೆ. ಹೀಗಿದ್ದುಕೊಂಡು ಅವಳು ಅಲ್ಲಾಡದೆ ನಿಲ್ಲುತ್ತಾಳೆ, ಸೀಮೆಸುಣ್ಣ ಹಿಡಿದುಕೊಂಡು.

“ಯಾಕೆ ನಿಂತೆ? ಬಾರೇ” ಎಂದು ತಿರುಗಿದಳು.

ಬಳಸು ಮಾತುಗಳೆಲ್ಲ ಮುಗಿದಿದ್ದವು. ಕಾರ್ಖಾನೆಯ ನಾಲ್ಕು ಗಂಟೆಯ ಟೀಯ ಬಗ್ಗೆ, ಸೆಕೆಯ ಬಗ್ಗೆ, ಬೋರ್ಡಿನ ಬಗ್ಗೆ ಕೇಳಿ ಆಗಿತ್ತು. ಎರಡು ಹೆಜ್ಜೆ ಓಡಿ ಅವಳ ಪಕ್ಕಕ್ಕೆ ಬಂದು ನೇರವಾಗಿ ಕೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲಿಗಿಂತ ಬಿರುಸಾಗಿ ನಡೆಯತೊಡಗಿದಳು. ನಾನು ಹಿಂದೆ ಬಿದ್ದೆ. ಅದಾಗಿ ಆರು ದಿನವಾಯಿತು, ಮನೆಯಲ್ಲಿ ಉಪ್ಪು, ಅವರೆಕಾಳು, ನೀರಿನ ಟ್ಯಾಂಕರು ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ. ನಾನು ಕೇಳಿದ್ದು ಇಷ್ಟೇ:

“ದಿನಾ ನಾಲ್ಕು ಗಂಟೆಗೆ ಆ ಮ್ಯಾನೇಜರ್ ನಿಂಗೆ ಏನಂತಾನೆ, ಚಿಕ್ಕಮ್ಮಾ?”